ಮೂವತ್ತು ವರ್ಷದ ಅನುಭವದಲ್ಲಿ ಜ್ಯೂರಿ ಕಂಡದ್ದೆಷ್ಟು ಬಾರಿ?

[ದೃಶ್ಯ: ಅಮೆರಿಕದ ಒಂದು ನ್ಯಾಯಾಲಯ, ಜ್ಯೂರಿಯ ಖಾಲಿ ಕುರ್ಚಿಗಳು]

ನಮಸ್ಕಾರ. ಅಮೆರಿಕದಲ್ಲಿ ಕಂಪನಿಗಳ ವ್ಯಾಜ್ಯ ನಡೆಸುವ ಹಿರಿಯ ವಕೀಲರ ಪರಿಚಯದಲ್ಲಿ 'ಮೂವತ್ತು ವರ್ಷಗಳ ಅನುಭವ' ಎಂದು ಬರೆದಿರುತ್ತದೆ. ಓದಿದವರು ಜ್ಯೂರಿಯ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡದ, ಈ ಕುರ್ಚಿಗಳ ಮುಂದೆ ನಿಂತು ಗುಡುಗುವವರನ್ನು ಕಲ್ಪಿಸಿಕೊಳ್ಳುತ್ತಾರೆ. ಆ ಮೂವತ್ತು ವರ್ಷ ನಿಜವಾಗಿ ಎಲ್ಲಿ ಕಳೆಯಿತು, ನೋಡೋಣ.

ಓದಿನ ವಿಷಯ ಬೇಗ ಮುಗಿಸುತ್ತೇನೆ: ಯಾವುದಾದರೊಂದು ಪದವಿ, ಮೂರು ವರ್ಷ ಕಾನೂನು, ಆಮೇಲೆ ವಕೀಲಿಕೆಯ ಪರವಾನಗಿಗಾಗಿ ರಾಜ್ಯದ ಬಾರ್ ಪರೀಕ್ಷೆ. ಕೆಲವರು ಒಂದೆರಡು ವರ್ಷ ನ್ಯಾಯಾಧೀಶರ ಬಳಿ ಕ್ಲರ್ಕ್ ಆಗಿರುತ್ತಾರೆ. ಹೆಸರು ಕೇಳಿ ಗುಮಾಸ್ತಗಿರಿ ಎಂದುಕೊಳ್ಳಬೇಡಿ. ತೀರ್ಪಿನ ಕರಡು ಸಿದ್ಧಪಡಿಸುವ, ಪೈಪೋಟಿಯ ಹುದ್ದೆ ಅದು.

[ದೃಶ್ಯ: ಕಡತಗಳ ರಾಶಿ]

ಅಸಲು ಕಲಿಕೆ ಇಲ್ಲಿ. 1938ರಲ್ಲಿ ಜಾರಿಗೆ ಬಂದ ಫೆಡರಲ್ (ಅಂದರೆ ಕೇಂದ್ರದ) ಸಿವಿಲ್ ಪ್ರಕ್ರಿಯಾ ನಿಯಮಗಳು, ವಿಚಾರಣೆಗೆ ಮೊದಲೇ ಎದುರಾಳಿಯ ದಾಖಲೆಗಳನ್ನು ಕೇಳಿ ಪಡೆಯುವ ವಿಶಾಲ ಹಕ್ಕು ಕೊಟ್ಟವು. ಇದೇ ಡಿಸ್ಕವರಿ. ಪಾಲುದಾರರ ಜಗಳವಿರಲಿ, ಮುರಿದ ಕರಾರಿರಲಿ, ಕಿರಿಯ ವಕೀಲರು ಸಾವಿರಾರು ಇಮೇಲ್‌ಗಳನ್ನು ಜಾಲಾಡಬೇಕು. ನಡುರಾತ್ರಿ ಕಳುಹಿಸಿದ ಎರಡು ಸಾಲಿನ ಒಂದು ಸಂದೇಶ ಇಡೀ ಮೊಕದ್ದಮೆಯ ದಿಕ್ಕು ತಿರುಗಿಸಬಹುದು.

ನಂತರದ್ದು ಡಿಪೊಸಿಷನ್, ಅಂದರೆ ವಿಚಾರಣೆಗೆ ಮೊದಲೇ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು. ಸಾಕ್ಷಿ ಪ್ರಮಾಣ ಮಾಡಿ ಕುಳಿತಿರುತ್ತಾರೆ, ಪ್ರತಿ ಮಾತೂ ದಾಖಲಾಗುತ್ತದೆ, ಆದರೆ ಕೋಣೆಯಲ್ಲಿ ನ್ಯಾಯಾಧೀಶರಿರುವುದಿಲ್ಲ. ಫೆಡರಲ್ ನಿಯಮದಂತೆ ಸಾಮಾನ್ಯವಾಗಿ ಒಂದು ದಿನ, ಏಳು ಗಂಟೆ. ಗದರಿಸುವ ವಕೀಲರಿಗೆ ಇಲ್ಲಿ ಸಿಗುವುದು 'ನೆನಪಿಲ್ಲ' ಎಂಬ ಉತ್ತರವೇ. ಪಳಗಿದವರು ಮೃದುವಾಗಿ ಕೇಳಿ ಸುಮ್ಮನಾಗುತ್ತಾರೆ. ಆ ಮೌನ ತಾಳಲಾರದೆ ಸಾಕ್ಷಿಯೇ ಮಾತು ಮುಂದುವರಿಸುತ್ತಾರೆ. ಈ ಕಸುಬನ್ನು ಯಾವ ಕಾಲೇಜೂ ಕಲಿಸಿಕೊಡಲಾರದು ಎಂದೇ ನನಗನ್ನಿಸುತ್ತದೆ.

[ತೆರೆಯ ಮೇಲೆ: 1962 – ಶೇ. 11.5 | 2002 – ಶೇ. 1.8]

ಫೆಡರಲ್ ನ್ಯಾಯಾಲಯಗಳಲ್ಲಿ ಇತ್ಯರ್ಥವಾದ ಸಿವಿಲ್ ಪ್ರಕರಣಗಳ ಪೈಕಿ ಪೂರ್ಣ ವಿಚಾರಣೆ ಕಂಡವುಗಳ ಪ್ರಮಾಣ ಇದು. ಉಳಿದವು ರಾಜಿಯಾಗುತ್ತವೆ, ವಜಾ ಆಗುತ್ತವೆ, ಇಲ್ಲವೇ ಅರ್ಜಿಯ ಹಂತದಲ್ಲೇ ತೀರ್ಮಾನವಾಗುತ್ತವೆ. ಕಂಪನಿ ವ್ಯಾಜ್ಯಗಳಿಗೆ ಹೆಸರಾದ ಡೆಲವೇರ್ ರಾಜ್ಯದ, 1792ರಲ್ಲಿ ಸ್ಥಾಪನೆಯಾದ ಚಾನ್ಸರಿ ನ್ಯಾಯಾಲಯದಲ್ಲಂತೂ ಜ್ಯೂರಿಯೇ ಇಲ್ಲ.

ಹಾಗೆಂದು ವಿಚಾರಣೆಯ ಅನುಭವ ಬೇಡವೆಂದಲ್ಲ. ಈ ವಕೀಲರು ಕಟಕಟೆಯವರೆಗೆ ಹೋಗುವವರಲ್ಲ ಎಂದು ಎದುರಾಳಿಗೆ ಗೊತ್ತಾದರೆ, ರಾಜಿಗೆ ಮುಂದಿಡುವ ಮೊತ್ತ ಅಲ್ಲೇ ಕುಗ್ಗುತ್ತದೆ. ಆದ್ದರಿಂದ ವಕಾಲತ್ತು ಒಪ್ಪಿಸುವ ಮುನ್ನ ಕಕ್ಷಿದಾರರು ಕೇಳಬೇಕಾದ್ದು: 'ಎಷ್ಟು ಪ್ರಕರಣಗಳನ್ನು ತೀರ್ಪಿನವರೆಗೆ ನೀವೇ ನಡೆಸಿದ್ದೀರಿ?'