ಮುಖ ಬಂತು, ಆದ್ರೆ ಮನುಷ್ಯ ನಿಂತಿರ್ಲಿಲ್ಲ

ಈಗ ಸ್ಕ್ರೀನ್ ಮೇಲೆ ಕಾಣ್ತಿದ್ಯಲ್ಲ ಈ ಡ್ರಾಯಿಂಗ್, ಇದು ನಾಲ್ಕು ತಿಂಗಳ ಹಿಂದೆ ಮಾಡಿದ್ದು. ಕಣ್ಣು, ರೆಪ್ಪೆ, ಕೂದಲು, ಶರ್ಟಿನ ಮಡಿಕೆ ಎಲ್ಲಾ ಇದೆ, ಮೂರು ಗಂಟೆ ಕೂತಿದ್ದೆ ಇದಕ್ಕೆ. ಆದ್ರೆ ಕಾಲಿನ ಕಡೆ ನೋಡಿ. ಇವನು ನಿಂತಿಲ್ಲ, ಗಾಳೀಲಿ ನೇತಾಡ್ತಿದಾನೆ. ಅವತ್ತು ನಂಗೆ ಅದು ತಿಳೀಲಿಲ್ಲ, ಏನೋ ಸರಿ ಇಲ್ಲ ಅನ್ನಿಸ್ತಿತ್ತು ಅಷ್ಟೆ, ಅದಕ್ಕೆ ಶೇಡಿಂಗ್ ಮೇಲೆ ಶೇಡಿಂಗ್ ಮಾಡ್ತಾ ಹೋದೆ.

ಆಮೇಲೆ ಒಂದಿನ ಅಕ್ಕ ಫೋನಲ್ಲಿ ಮಾತಾಡ್ತಾ ನಿಂತಿದ್ಲು, ಪೂರ್ತಿ ಭಾರ ಬಲಗಾಲಿನ ಮೇಲೆ, ಎಡಗಾಲು ಸುಮ್ನೆ ಮಡಚಿ ಬಿಟ್ಟಿದ್ಲು. ನೋಡ್ತಾ ನೋಡ್ತಾ ಗೊತ್ತಾಯ್ತು, ಭಾರ ಹೊತ್ತಿರೋ ಕಡೆ ಸೊಂಟ ಮೇಲಕ್ಕೆ ಎದ್ದಿದೆ, ಅದೇ ಕಡೆ ಭುಜ ಕೆಳಗೆ ಇಳಿದಿದೆ, ನಡುವೆ ಬೆನ್ನು ಬಾಗಿ ಎರಡನ್ನೂ ಸರಿದೂಗಿಸ್ತಿದೆ. ಇದಕ್ಕೆ ಕಾಂಟ್ರಪೋಸ್ಟೊ ಅಂತ ಇಟಾಲಿಯನ್ ಹೆಸರಿದೆ, ಗ್ರೀಕ್ ಶಿಲ್ಪಿಗಳು ಕ್ರಿ.ಪೂ. 5ನೇ ಶತಮಾನದಲ್ಲೇ ಇದನ್ನ ಕಲ್ಲಲ್ಲಿ ತಂದಿದ್ರು. ನಾನು ಹೆಸರು ಕೇಳಿದ್ದೆ, ಆದ್ರೆ ಕಣ್ಣಿಂದ ಹಿಡಿದಿದ್ದು ಅವತ್ತೇ.

ಗಾರೆ ಕೆಲಸದವರು ಗೋಡೆ ನೆಟ್ಟಗಿದ್ಯಾ ಅಂತ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ, ಅದೇ ರೀತಿ ಗಂಟಲ ಗುಳಿಯಿಂದ ಕೆಳಗೆ ಒಂದು ದಾರ ಇಳಿಬಿಟ್ಟಿದೀವಿ ಅಂದ್ಕೊಳ್ಳಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರನ್ನ ಮುಂದಿನಿಂದ ನೋಡಿದ್ರೆ ಆ ದಾರ ಹೆಚ್ಚುಕಡಿಮೆ ಆ ಪಾದದ ಹತ್ರನೇ ಬಂದು ಬೀಳುತ್ತೆ. ನನ್ನ ಹಳೇ ಡ್ರಾಯಿಂಗಲ್ಲಿ ಇದು ಎರಡು ಪಾದಕ್ಕೂ ಆಚೆ ಬೀಳ್ತಿದೆ. ನೋಡಿ, ಕೆಂಪು ಗೆರೆ ಹಾಕಿ ತೋರಿಸ್ತಿದೀನಿ.

ಅವತ್ತಿಂದ ನನ್ನ ಪ್ರಾಕ್ಟೀಸೇ ಬೇರೆ ಆಯ್ತು. ಟೈಮರ್ ಇಟ್ಕೊಂಡು ಮೊದಲು 30 ಸೆಕೆಂಡಿನ ಪೋಸ್ ಹತ್ತು, ಆಮೇಲೆ 2 ನಿಮಿಷದ್ದು ಐದು, ಕೊನೇಗೆ ಒಂದೋ ಎರಡೋ ಉದ್ದದ್ದು. 30 ಸೆಕೆಂಡಲ್ಲಿ ಮೂಗು ಬರೆಯೋಕೆ ಆಗಲ್ಲ, ಅದೇ ಅದರ ಲಾಭ, ತಲೆಯಿಂದ ಭಾರದ ಕಾಲಿನವರೆಗೆ ಒಂದು ಗೆರೆ, ಭುಜಕ್ಕೊಂದು ಓರೆ ಗೆರೆ, ಸೊಂಟಕ್ಕೊಂದು ಓರೆ ಗೆರೆ, ಅಷ್ಟರಲ್ಲಿ ಟೈಮ್ ಮುಗೀತು. ಪೆನ್ಸಿಲ್ ಬರೆಯೋ ಥರ ಹಿಡೀಬೇಡಿ, ಅಂಗೈ ಒಳಗೆ ಅಡ್ಡ ಮಲಗಿಸಿ ಹಿಡ್ಕೊಳ್ಳಿ, ಗೆರೆ ಬೆರಳಿಂದ ಅಲ್ಲ ಭುಜದಿಂದ ಬರ್ಬೇಕು.

ಅಳತೆ ವಿಷಯ ಬೇಗ ಹೇಳ್ಬಿಡ್ತೀನಿ. ನೆತ್ತಿಯಿಂದ ಗಲ್ಲದವರೆಗಿನ ಉದ್ದ ಒಂದು ತಲೆ ಅಂದ್ಕೊಂಡ್ರೆ, ದೊಡ್ಡವರ ಎತ್ತರ ಸಾಮಾನ್ಯವಾಗಿ ಏಳೂವರೆ ತಲೆಯಷ್ಟು, ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ ಸುಮಾರು 1490ರಲ್ಲಿ ಎಂಟು ತಲೆ ಲೆಕ್ಕ ಹಿಡಿದಿದ್ದ, ಹುಟ್ಟಿದ ಮಗು ಬರೀ ನಾಲ್ಕು ತಲೆ. ಮೊದಲೇ ಹಾಳೆ ಮೇಲೆ ನೆತ್ತಿ ಎಲ್ಲಿ ಪಾದ ಎಲ್ಲಿ ಅಂತ ಎರಡು ಗುರುತು ಹಾಕಿ, ಇಲ್ಲಾಂದ್ರೆ ತಲೆ ದೊಡ್ಡದಾಗಿ ಕಾಲಿಗೆ ಜಾಗನೇ ಉಳಿಯಲ್ಲ.

ಈಗ ಚಾರ್ಕೋಲ್, ಅಂದ್ರೆ ಚಿತ್ರ ಬರೆಯೋ ಇದ್ದಿಲು. ನಿಜ ಹೇಳ್ಬೇಕಂದ್ರೆ ನಂಗೆ ಭಾರ ಕಲಿಸಿದ್ದು ಇದೇ. ಈ ತೆಳ್ಳಗಿನ ಕಡ್ಡಿ ವಿಲ್ಲೋ ಚಾರ್ಕೋಲ್, ವಿಲ್ಲೋ ಮರದ ಕಡ್ಡಿಗಳನ್ನ ಗಾಳಿ ಆಡದ ಹಾಗೆ ಸುಟ್ಟು ಮಾಡ್ತಾರೆ, ಬಟ್ಟೇಲಿ ಒರೆಸಿದ್ರೆ ಹೆಚ್ಚುಕಡಿಮೆ ಹೊರಟೇ ಹೋಗುತ್ತೆ, ಅದಕ್ಕೆ ತಪ್ಪು ಮಾಡೋಕೆ ಭಯ ಇಲ್ಲ. ಈ ದಪ್ಪಗಿರೋದು ಕಂಪ್ರೆಸ್ಡ್, ಪುಡಿಗೆ ಅಂಟು ಸೇರಿಸಿ ಒತ್ತಿರ್ತಾರೆ, ತುಂಬಾ ಕಪ್ಪು, ಒಂದ್ಸಲ ಬಿದ್ರೆ ಪೂರ್ತಿ ಹೋಗಲ್ಲ, ಅದನ್ನ ಕೊನೇಗೇ ತಗೊಳ್ಳಿ. ಕಡ್ಡಿನ ಅಡ್ಡ ಮಲಗಿಸಿ ಎಳೆದ್ರೆ ಒಂದೇ ಸಲಕ್ಕೆ ಇಡೀ ತೊಡೆಯ ನೆರಳು ಬಂದ್ಬಿಡುತ್ತೆ. ರೆಪ್ಪೆ ಬರೀತೀನಿ ಅಂದ್ರೂ ಇದು ಬಿಡಲ್ಲ, ಕಣ್ಣು ಕಿರಿದು ಮಾಡಿ ಬೆಳಕು ಎಲ್ಲಿ ನೆರಳು ಎಲ್ಲಿ ಅಂತ ಎರಡೇ ಭಾಗ ನೋಡ್ಬೇಕಾಗುತ್ತೆ. ಬೆಳಕು ತೆಗೆಯೋಕೆ ಈ ಹಿಟ್ಟಿನ ಥರ ನಾದೋ ರಬ್ಬರ್, ಇದನ್ನ ಉಜ್ಜಬೇಡಿ, ಒತ್ತಿ ಎತ್ತಿ.

ಹಾಂ, ಮೊದಲ ಸ್ಕೆಚ್‌ಗೆ ಪೆನ್ಸಿಲ್ ಒತ್ತಿ ಬಳಸಿದ್ರೆ ಗ್ರಾಫೈಟ್ ನುಣುಪಾಗಿ ಹೊಳೆಯುತ್ತೆ, ಅದರ ಮೇಲೆ ಚಾರ್ಕೋಲ್ ಹಿಡಿಯಲ್ಲ, ನಾನು ಒಂದು ಒಳ್ಳೇ ಹಾಳೆ ಹೀಗೇ ಕಳ್ಕೊಂಡೆ. ಪುಡಿನ ಬಾಯಿಂದ ಊದಬೇಡಿ, ಶ್ವಾಸಕ್ಕೆ ಹೋಗುತ್ತೆ, ಬೋರ್ಡ್ ಹಿಂದಿನಿಂದ ತಟ್ಟಿದ್ರೆ ಸಾಕು.

ಇದು ಇವತ್ತಿಂದು. "ಅಕ್ಕಾ, ಐದೇ ನಿಮಿಷ ನಿಂತ್ಕೊಳ್ಳೇ" ಅಂದೆ, "ಐದು ಅಂದ್ರೆ ಐದೇ ಕಣೋ" ಅಂತ ಕಿಟಕಿ ಹತ್ರ ನಿಂತ್ಲು. ನೋಡಿ, ಮುಖ ಇಲ್ಲ, ಕೈ ಬರೀ ಒಂದು ಆಕಾರ, ಎಡಗಾಲು ನೆರಳಲ್ಲೇ ಕರಗಿದೆ. ಆದ್ರೆ ಬಲಗಾಲಿನ ಹಿಮ್ಮಡಿ ನೋಡಿ, ನೆಲಕ್ಕೆ ಊರಿದೆ. ಆ ಹಿಮ್ಮಡಿ ಕೆಳಗಿನ ಆ ಒಂದು ಕಪ್ಪು ಗೆರೆ ಹಾಕುವಾಗ ನನ್ನ ಕೈಗೂ ಭಾರ ಗೊತ್ತಾಯ್ತು, ಆ ಖುಷಿನ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ.

ಟೈಮರ್ ಹೊಡೀತು. ಅಕ್ಕ ಹೋಗ್ಲಿಲ್ಲ, ಭಾರನ ಎಡಗಾಲಿಗೆ ಬದಲಾಯಿಸಿದ್ಲು, ಸೊಂಟ ಆ ಕಡೆ ಎದ್ದಿತು, ನಾನು ಹೊಸ ಹಾಳೆ ತಗೊಂಡೆ.