ಅಂಡಮಾನಿಗೆ ಬಾರದ ಹಡಗುಗಳು

ಕೇಳುಗರೇ, ನಮಸ್ಕಾರ.

1942ರ ಮಾರ್ಚ್ 23ರಂದು ಜಪಾನಿನ ಸೈನ್ಯ ಪೋರ್ಟ್ ಬ್ಲೇರ್‌ನಲ್ಲಿ ಇಳಿದಾಗ ತಡೆಯುವವರು ಯಾರೂ ಇರಲಿಲ್ಲ. ಬ್ರಿಟಿಷರ ಕಾವಲು ಪಡೆ ಮೊದಲೇ ಹೊರಟುಹೋಗಿತ್ತು. ಜನ ಮಾತ್ರ ಅಲ್ಲೇ ಉಳಿದರು. ಮರುವರ್ಷ, ಅಂಡಮಾನನ್ನು ಕಡಲ ದಾಳಿಯಿಂದ ಮರಳಿ ಪಡೆಯುವ ಯೋಜನೆಯೊಂದು ಸಿದ್ಧವಾಯಿತು. ಅದರ ಗುಪ್ತನಾಮ 'ಬಕನಿಯರ್'. ಹೊಣೆ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥ ಲಾರ್ಡ್ ಮೌಂಟ್‌ಬ್ಯಾಟನ್ ಅವರದು.

1943ರ ನವೆಂಬರ್ ಕೊನೆಯಲ್ಲಿ ಕೈರೋ ಸಮ್ಮೇಳನ ನಡೆಯಿತು. ಬಂಗಾಳ ಕೊಲ್ಲಿಯಲ್ಲಿ ದಾಳಿ ಮಾಡಿಯೇ ತೀರುತ್ತೇವೆಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅಲ್ಲಿ ಚೀನಾದ ನಾಯಕ ಚಿಯಾಂಗ್ ಕೈ ಶೇಕ್ ಅವರಿಗೆ ಮಾತು ಕೊಟ್ಟರು. ಚರ್ಚಿಲ್‌ಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಸುಮಾರು 5,000 ಜಪಾನೀಯರಿದ್ದ ದ್ವೀಪಕ್ಕೆ ಮೌಂಟ್‌ಬ್ಯಾಟನ್ 50,000 ಸೈನಿಕರನ್ನು ಕೇಳಿದ್ದು ಚರ್ಚಿಲ್ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿತು.

ನಿಜವಾದ ತೊಡಕು ಹಡಗಿನದು. ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗಿಗೆ ತಳ ಚಪ್ಪಟೆ, ಮೂತಿಯೇ ಬಾಗಿಲು. ಬಂದರಿನ ಹಂಗಿಲ್ಲದೆ ಮರಳಿನ ಮೇಲೇರಿ ನಿಂತು ಬಾಗಿಲು ತೆರೆದರೆ, ಒಳಗಿನ ಟ್ಯಾಂಕು, ಲಾರಿಗಳು ನೇರವಾಗಿ ದಡಕ್ಕೆ ಇಳಿದುಬಿಡುತ್ತವೆ. ಫ್ರಾನ್ಸಿನ ನಾರ್ಮಂಡಿ, ಇಟಲಿ, ದಕ್ಷಿಣ ಫ್ರಾನ್ಸ್, ಪೆಸಿಫಿಕ್ ಎಲ್ಲ ಕಡೆಯೂ ಇವುಗಳಿಗೇ ಬೇಡಿಕೆ. ಅಷ್ಟರಲ್ಲಿ ಟೆಹರಾನ್‌ನಲ್ಲಿ ಸ್ಟಾಲಿನ್, ಜರ್ಮನಿ ಸೋತ ಮೇಲೆ ಜಪಾನಿನ ವಿರುದ್ಧ ಯುದ್ಧಕ್ಕೆ ಬರುವುದಾಗಿ ಹೇಳಿದರು. ಜಪಾನಿನ ವಿರುದ್ಧ ಚೀನಾದ ನೆರವು ಮೊದಲಿನಷ್ಟು ಅನಿವಾರ್ಯವೆನಿಸದೆ, ಅದರ ಮಾತಿನ ತೂಕ ಇಳಿಯಿತು. ಡಿಸೆಂಬರ್ 5ರಂದು ರೂಸ್‌ವೆಲ್ಟ್ ಪಟ್ಟು ಸಡಿಲಿಸಿದರು. ಬಕನಿಯರ್ ರದ್ದಾಯಿತು.

ಯುದ್ಧದ ದೃಷ್ಟಿಯಿಂದ ಆ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಹಿಟ್ಲರನನ್ನು ಮಣಿಸಲು ಫ್ರಾನ್ಸಿನ ದಡವೇ ಮುಖ್ಯವಾಗಿತ್ತು. ಆದರೆ ಚರ್ಚೆಯೆಲ್ಲ ಹಡಗು ಮತ್ತು ಚೀನಾದ ಸುತ್ತಲೇ ಸುತ್ತಿತು ಎನ್ನುವುದು ನನ್ನನ್ನು ನೋಯಿಸುತ್ತದೆ.

ಡಿಸೆಂಬರ್ 30ರಂದು ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಆ ಹೊತ್ತಿಗೆ ಪಂಜಾಬಿ ಕವಿ, ವೈದ್ಯ ದಿವಾನ್ ಸಿಂಗ್ ಅಲ್ಲಿನ ಸೆಲ್ಯುಲರ್ ಜೈಲಿನಲ್ಲಿ ಜಪಾನೀಯರ ಚಿತ್ರಹಿಂಸೆ ಅನುಭವಿಸುತ್ತಿದ್ದರು. 1944ರ ಜನವರಿ 14ರಂದು ಅವರು ತೀರಿಕೊಂಡರು. ಜನವರಿ 30ರಂದು ಗೂಢಚಾರರೆಂಬ ಆರೋಪ ಹೊರಿಸಿ 44 ಮಂದಿಯನ್ನು ಹಂಫ್ರಿಗಂಜ್‌ನಲ್ಲಿ ಗುಂಡಿಕ್ಕಿ ಕೊಂದರು. ದಾಳಿ 1944ರ ವಸಂತಕ್ಕೆ ನಿಗದಿಯಾಗಿದ್ದರಿಂದ ಇವರು ಹೇಗೂ ಉಳಿಯುತ್ತಿರಲಿಲ್ಲ. ದಾಳಿ ನಡೆದಿದ್ದರೆ ಅನಂತರದ ಹಸಿವಿನ ದಿನಗಳು ಮಾತ್ರ ತಪ್ಪುತ್ತಿದ್ದವೇನೋ. 1945ರ ಆಗಸ್ಟಿನಲ್ಲಿ, ಯುದ್ಧ ಮುಗಿಯುವ ಹೊಸ್ತಿಲಲ್ಲಿ, ನೂರಾರು ಜನರನ್ನು ಹ್ಯಾವ್‌ಲಾಕ್ ದ್ವೀಪದ ಬಳಿ ಕಡಲಿಗೆ ತಳ್ಳಿದ ಘಟನೆಯೂ ತಪ್ಪುತ್ತಿತ್ತೇನೋ.

ಭಾರತೀಯ ಸೈನಿಕರಿದ್ದ ಪಡೆ ಕೊನೆಗೂ ಪೋರ್ಟ್ ಬ್ಲೇರ್ ತಲುಪಿದ್ದು 1945ರ ಅಕ್ಟೋಬರಿನಲ್ಲಿ, ಆಗಲೇ ಸೋತಿದ್ದ ಜಪಾನೀಯರಿಂದ ಶರಣಾಗತಿ ಪಡೆಯುವುದಕ್ಕೆ.