ಡುರಾಂಡ್ ಕಾಡಿಗೆ ಇಳಿದ ಕಥೆ

ಸ್ಕ್ರೀನ್ ಮೇಲಿರುವ ಎರಡೂ ಚಿತ್ರ ಒಬ್ಬರದೇ. ಆಶರ್ ಡುರಾಂಡ್ ಅಂತ, ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿತ್ರಕಾರ. ಎಡಗಡೆ 1845ರ 'ದಿ ಬೀಚಸ್', ಬಲಗಡೆ 1855ರ 'ಇನ್ ದಿ ವುಡ್ಸ್'. ಎರಡೂ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನವು, ಎರಡೂ ಹೆಚ್ಚುಕಡಿಮೆ ಐದಡಿ ಎತ್ತರ.

ಮೊದಲನೆಯದರಲ್ಲಿ ಕುರುಬ ಇದ್ದಾನೆ, ಕುರಿಗಳಿವೆ, ಮುಂದೆ ನೀರು, ಹೊಂಬಣ್ಣದ ಬೆಳಕು. ಚೆನ್ನಾಗೇನೋ ಇದೆ, ಆದರೆ ಇಂಗ್ಲೆಂಡಿನ ಯಾವುದೋ ಹಳ್ಳಿ ನೋಡಿದ ಹಾಗಿದೆ ಅಲ್ವಾ? ಇರಲೇಬೇಕು, 1840ರಲ್ಲಿ ಲಂಡನ್ನಿಗೆ ಹೋಗಿ ಇಂಗ್ಲಿಷ್ ಭೂದೃಶ್ಯ ಚಿತ್ರಕಾರ ಕಾನ್‌ಸ್ಟೇಬಲ್ ಅವರ ಚಿತ್ರಗಳನ್ನು ಕಣ್ತುಂಬ ನೋಡಿ ಬಂದಿದ್ದರು. ಹತ್ತು ವರ್ಷ ಬಿಟ್ಟು ಬರೆದದ್ದು ನೋಡಿ. ಕುರುಬ ಮಾಯ, ಕುರಿಗಳೂ ಮಾಯ. ಬರೀ ಕಾಡು, ಬಿದ್ದು ಪಾಚಿ ಹಿಡಿದ ಮರ, ಮೇಲೆ ಬಾಗಿದ ಕೊಂಬೆ.

ಸ್ವಲ್ಪ ಜೂಮ್ ಮಾಡುತ್ತೇನೆ, ಆ ತೊಗಟೆ ನೋಡಿ. ಒಂದೊಂದು ಬಿರುಕೂ ಬೇರೆ ಬೇರೆ. ಇದು ಸುಮ್ನೆ ಬಂದ ಕೈಯಲ್ಲ. ಡುರಾಂಡ್ ಮೊದಲು ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುತ್ತಿದ್ದವರು. ಚಿತ್ರಕಾರ ಟ್ರಂಬುಲ್ ಅವರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚಿತ್ರವನ್ನು ಅಚ್ಚಿಗೆ ಕೊರೆಯುವುದಕ್ಕೇ 1820ರಿಂದ 1823ರವರೆಗೆ ಹಿಡಿಯಿತು. ಪೂರ್ತಿಯಾಗಿ ಬಣ್ಣಕ್ಕೆ ಬಂದಾಗ ವಯಸ್ಸು ನಲವತ್ತರ ಹತ್ತಿರ. ಲೂಮನ್ ರೀಡ್ ಎಂಬ ದಿನಸಿ ವ್ಯಾಪಾರಿ ಬೆನ್ನಿಗೆ ನಿಂತರು, 1837ರಲ್ಲಿ ಚಿತ್ರಕಾರ ಗೆಳೆಯ ಥಾಮಸ್ ಕೋಲ್ ಜೊತೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಸ್ಕ್ರೂನ್ ಸರೋವರಕ್ಕೆ ಸ್ಕೆಚ್ ಮಾಡಲು ಹೋದರು, ಅಲ್ಲಿಂದ ಮುಂದೆ ಭೂದೃಶ್ಯವೇ ಎಲ್ಲ.

1855ರಲ್ಲಿ 'ದಿ ಕ್ರೇಯಾನ್' ಪತ್ರಿಕೆಗೆ ಸಾಲಾಗಿ ಪತ್ರಗಳನ್ನು ಬರೆದರು. ಪತ್ರಿಕೆಯ ಸಂಪಾದಕರಲ್ಲಿ ಒಬ್ಬರು ಅವರ ಮಗನೇ ಅನ್ನಿ. ಹೊಸಬರಿಗೆ ಅವರ ಮಾತು ಇಷ್ಟೇ: ಬೇರೆಯವರ ಚಿತ್ರ ನೋಡಿ ಕಲಿಯಬೇಡಿ, ಮೊದಲು ಹೊರಗೆ ಹೋಗಿ, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ತಮಾಷೆ ಅಂದರೆ, ಅವರಿಗೆ ಜಾಸ್ತಿ ಹೆಸರು ತಂದದ್ದು 1849ರ 'ಕಿಂಡ್ರೆಡ್ ಸ್ಪಿರಿಟ್ಸ್'. ಹಿಂದಿನ ವರ್ಷ ತೀರಿಕೊಂಡಿದ್ದ ಕೋಲ್, ಅವರ ಜೊತೆ ಕವಿ ಬ್ರಯಂಟ್, ಬಂಡೆಯ ಮೇಲೆ ನಿಂತಿದ್ದಾರೆ, ಪಕ್ಕದ ಮರದಲ್ಲಿ ಇಬ್ಬರ ಹೆಸರೂ ಕೆತ್ತಿದೆ. ಆದರೆ ಅಲ್ಲಿ ಕಾಣುವ, ನ್ಯೂಯಾರ್ಕ್ ರಾಜ್ಯದ ಕಾಟರ್‌ಸ್ಕಿಲ್ ಕಣಿವೆ, ಜಲಪಾತ ಎರಡೂ ಒಂದೇ ಜಾಗದಿಂದ ಹಾಗೆ ಕಾಣುವುದೇ ಇಲ್ಲ! ಜೋಡಿಸಿ ಬರೆದದ್ದು. ಗೆಳೆಯನ ನೆನಪಿನ ಚಿತ್ರ, ಆ ಸ್ವಾತಂತ್ರ್ಯ ತಗೊಂಡರೆ ತಪ್ಪಿಲ್ಲ ಬಿಡಿ.

ನನ್ನನ್ನು ಕೇಳಿದರೆ ಅದಕ್ಕಿಂತ ಅವರು ಕಾಡಲ್ಲೇ ಕೂತು ಎಣ್ಣೆ ಬಣ್ಣದಲ್ಲಿ ಮಾಡಿದ ಸಣ್ಣ ಅಭ್ಯಾಸ ಚಿತ್ರಗಳೇ ಮೇಲು. ನಾಲ್ಕು ಬಂಡೆ, ಒಂದು ಬೇರು, ಅಷ್ಟೇ. ಮಾರುವುದಕ್ಕೆ ಬರೆದದ್ದಲ್ಲ, ಹಾಗಾಗಿ ಯಾರನ್ನೂ ಮೆಚ್ಚಿಸುವ ಗಡಿಬಿಡಿಯೂ ಅದರಲ್ಲಿಲ್ಲ.